ಲಾನ್ ಟ್ರಾಕ್ಟರ್‌ಗೆ ಏನು ಜೋಡಿಸಬೇಕು: ಬ್ಯಾಗರ್, ಸ್ವೀಪರ್, ವ್ಯಾಕ್ಯೂಮ್?

ನ್ಯೂಜೆರ್ಸಿ, ಮಿಷಿಗನ್, ಇಲಿನಾಯ್ ಕಡೆ ಮನೆ ಮಾಡಿರುವ ಕನ್ನಡಿಗರಿಗೆ ಅಕ್ಟೋಬರ್ ಬಂದರೆ ಎರಡು ಕೆಲಸ ಒಟ್ಟಿಗೆ ಬೀಳುತ್ತವೆ. ಒಂದು, ಕನ್ನಡ ಕೂಟದ ದೀಪಾವಳಿ, ರಾಜ್ಯೋತ್ಸವದ ತಯಾರಿ. ಇನ್ನೊಂದು, ಹಿತ್ತಲಿನ ತರಗೆಲೆ. ಮೊದಲನೆಯದಕ್ಕೆ ವಾಟ್ಸಾಪಿನಲ್ಲಿ ಕರೆದರೆ ಜನ ಸೇರುತ್ತಾರೆ. ಎರಡನೆಯದಕ್ಕೆ ಯಾರೂ ಬರುವುದಿಲ್ಲ.

ಜಾಗ ಕಾಲು ಎಕರೆ ಇದ್ದರೆ ಒಂದು ರೇಕ್, ಒಂದು ಬ್ಲೋವರ್, ಒಂದು ಹಳೇ ಟಾರ್ಪಾಲಿನ್ ಸಾಕು. ಸುಮ್ನೆ ದುಡ್ಡು ಹಾಕಬೇಡಿ. ನಾನು ಬರೆಯುತ್ತಿರುವುದು ಅರ್ಧ ಎಕರೆಯಿಂದ ಎರಡು ಮೂರು ಎಕರೆವರೆಗೆ ಜಾಗ ಇದ್ದು, ಹುಲ್ಲು ಕತ್ತರಿಸಲು ಈಗಾಗಲೇ ಲಾನ್ ಟ್ರಾಕ್ಟರ್ ಇಟ್ಟುಕೊಂಡವರಿಗೆ. ಆ ಟ್ರಾಕ್ಟರ್‌ಗೇ ಏನಾದರೂ ಜೋಡಿಸಿ ಎಲೆ ಎತ್ತಬಹುದಲ್ವಾ ಅನ್ನುವವರಿಗೆ.

ಅಂಗಡಿಗೆ ಹೋದರೆ ಮೊದಲು ಕೇಳುವ ಪ್ರಶ್ನೆ, "ನಿಮ್ಮ ಡೆಕ್ ಎಷ್ಟು ಇಂಚು?" ಡೆಕ್ ಅಂದರೆ ಟ್ರಾಕ್ಟರ್ ಹೊಟ್ಟೆಯ ಕೆಳಗೆ ಬ್ಲೇಡ್ ಮುಚ್ಚಿರುವ ಕವಚ. ಅದರ ಅಳತೆ ಬೇಕಾದ ಪ್ರಶ್ನೆಯೇ, ಆದರೆ ಮೊದಲನೆಯದಲ್ಲ. ಎತ್ತಿದ ಎಲೆ ಕೊನೆಗೆ ಎಲ್ಲಿಗೆ ಹೋಗಬೇಕು ಅನ್ನುವುದೇ ಮೊದಲ ಪ್ರಶ್ನೆ. ಅದು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ.

ಮೊದಲು ಹುಲ್ಲನ್ನು ಲೆಕ್ಕದಿಂದ ತೆಗೆಯಿರಿ

ತುಂಬಾ ಜನ ಬೇಸಿಗೆಯ ಹುಲ್ಲು, ಚಳಿಗಾಲದ ಮುಂಚಿನ ಎಲೆ ಎರಡಕ್ಕೂ ಸೇರಿಸಿ ಒಂದೇ ಸಾಧನ ಹುಡುಕುತ್ತಾರೆ. ನನ್ನ ಪ್ರಕಾರ ಹುಲ್ಲಿನ ತುಂಡುಗಳನ್ನು ಎತ್ತುವ ಅಗತ್ಯವೇ ಕಡಿಮೆ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ. ಬಿಸಿಲಿಗೆ ಬೇಗ ಒಣಗಿ ಮಣ್ಣು ಸೇರುತ್ತದೆ. ಲಾನ್‌ಗೆ ವರ್ಷಕ್ಕೆ ಬೇಕಾದ ಸಾರಜನಕದಲ್ಲಿ ಕಾಲು ಭಾಗದವರೆಗೆ ಇದರಿಂದಲೇ ವಾಪಸ್ ಸಿಗುತ್ತದೆ. ಬಿಟ್ಟರೆ ಬುಡದಲ್ಲಿ ಪದರ ಕಟ್ಟುತ್ತದೆ ಅನ್ನುವ ಭಯ ಇದೆ. ಆ ಪದರ ಬರುವುದು ಬೇರು ಮತ್ತು ಗಟ್ಟಿ ಕಾಂಡಗಳಿಂದ, ಕತ್ತರಿಸಿದ ಹುಲ್ಲಿನ ತುದಿಯ ತುಂಡುಗಳಿಂದ ಅಲ್ಲ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದಿದ್ದರೆ ಸಾಕು.

ಎತ್ತಲೇಬೇಕಾದ ಸಂದರ್ಭಗಳೂ ಇವೆ. ಊರಿಗೆ ಹೋಗಿ ಬರುವಷ್ಟರಲ್ಲಿ ಹುಲ್ಲು ಮೊಣಕಾಲಿಗೆ ಬಂದಿದ್ದರೆ, ಕಳೆ ಬೀಜ ಕಟ್ಟಿದ್ದರೆ, ಪಕ್ಕದಲ್ಲಿ ಈಜುಕೊಳ ಇದ್ದರೆ ಎತ್ತಿ. ಉಳಿದಂತೆ ಹುಲ್ಲಿಗೋಸ್ಕರ ಸಾಧನ ಕೊಳ್ಳಬೇಡಿ. ಎಲೆಗೋಸ್ಕರ ಕೊಳ್ಳಿ, ಹುಲ್ಲಿಗೂ ಆಗಾಗ ಉಪಯೋಗಕ್ಕೆ ಬಂದರೆ ಒಳ್ಳೆಯದು.

ಎಲೆ ಎಲ್ಲಿಗೆ ಹೋಗುತ್ತದೆ?

ಇಲ್ಲಿ ಮೂರು ದಾರಿ ಇವೆ. ಊರಿನ ಆಡಳಿತದವರು ರಸ್ತೆ ಅಂಚಿನಿಂದ ಬಿಡಿ ಎಲೆಯನ್ನೇ ದೊಡ್ಡ ಲಾರಿಯಲ್ಲಿ ಎಳೆದುಕೊಂಡು ಹೋಗುವುದು ಒಂದು. ಕಾಗದದ ಚೀಲದಲ್ಲಿ ತುಂಬಿಟ್ಟರೆ ಮಾತ್ರ ಒಯ್ಯುವುದು ಎರಡನೆಯದು. ನಿಮ್ಮ ಜಾಗದಲ್ಲೇ ಹಿಂದೆ ಮರಗಳಿರುವ ಅಂಚಿಗೋ ಕಾಂಪೋಸ್ಟ್ ಗುಡ್ಡೆಗೋ ಹಾಕುವುದು ಮೂರನೆಯದು. ಕಸದ ಡಬ್ಬಕ್ಕೆ ಹಾಕಿಬಿಡೋಣ ಅಂದರೆ ತುಂಬಾ ಕಡೆ ಆಗುವುದಿಲ್ಲ. ಇಲಿನಾಯ್ 1990ರಲ್ಲೇ ಅಂಗಳದ ಕಸವನ್ನು ಕಸ ಹೂಳುವ ಜಾಗಕ್ಕೆ, ಅಂದರೆ ಲ್ಯಾಂಡ್‌ಫಿಲ್‌ಗೆ ಹಾಕುವುದನ್ನು ನಿಲ್ಲಿಸಿತು. ನ್ಯೂಜೆರ್ಸಿಯಲ್ಲೂ ಎಲೆಗೆ ಹೀಗೇ ನಿಷೇಧ ಇದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಹಾಗೇ ಬಿಟ್ಟು ಹೋಗುತ್ತಾರೆ.

ಬಿಡಿ ಎಲೆ ಒಯ್ಯುವ ಊರಾದರೆ ಪುಡಿ ಮಾಡುವ ಅಗತ್ಯ ಇಲ್ಲ. ರಸ್ತೆ ಅಂಚಿಗೆ ತಂದು ಸುರಿದರೆ ಆಯಿತು. ಕಾಗದದ ಚೀಲದ ಊರಾದರೆ ಲೆಕ್ಕ ಪೂರ್ತಿ ತಿರುಗುತ್ತದೆ. ಒಂದು ಚೀಲ 30 ಗ್ಯಾಲನ್, ಅಂದರೆ ಸುಮಾರು 4 ಘನ ಅಡಿ. ಪುಡಿ ಮಾಡದ ಎಲೆ ತುಂಬಿದರೆ ಚೀಲಗಳ ಸಾಲು ಮುಗಿಯುವುದೇ ಇಲ್ಲ. ಹಿತ್ತಲಿನಲ್ಲೇ ಹಾಕುವವರಿಗೆ ಎಲ್ಲಕ್ಕಿಂತ ಸುಲಭ, ಯಾವ ಸಾಧನವಾದರೂ ನಡೆಯುತ್ತದೆ.

ಬ್ಯಾಗರ್

ಇದು ಟ್ರಾಕ್ಟರ್ ಬೆನ್ನಿಗೆ ಕೂರುವ ಎರಡು ಅಥವಾ ಮೂರು ಚೀಲ. ಡೆಕ್‌ನ ಬಲಬದಿಯಿಂದ ಒಂದು ದಪ್ಪ ಕೊಳವೆ ಏರಿ ಚೀಲಗಳ ಮೇಲಿನ ಮುಚ್ಚಳಕ್ಕೆ ಸೇರುತ್ತದೆ. ಬ್ಲೇಡ್ ತಿರುಗುವ ರಭಸಕ್ಕೆ ಹುಟ್ಟುವ ಗಾಳಿಯೇ ಎಲೆಯನ್ನು ಮೇಲಕ್ಕೆ ತಳ್ಳುತ್ತದೆ. ಬೇರೆ ಮೋಟಾರು ಇಲ್ಲ.

ಒಳ್ಳೆಯದು ಏನೆಂದರೆ, ಕತ್ತರಿಸುವುದು ಮತ್ತು ಎತ್ತುವುದು ಒಂದೇ ಓಟದಲ್ಲಿ ಮುಗಿಯುತ್ತದೆ. ಎಲೆ ಬ್ಲೇಡಿಗೆ ಸಿಕ್ಕಿ ಪುಡಿಯಾಗಿಯೇ ಚೀಲಕ್ಕೆ ಬರುತ್ತದೆ. ಹಿಂದೆ ಏನೂ ಎಳೆಯುವುದಿಲ್ಲವಾದ್ದರಿಂದ ಮರದ ಸುತ್ತ, ಹೂವಿನ ಪಾತಿಯ ಅಂಚಿನಲ್ಲಿ ತಿರುಗಿಸುವುದು ಸಲೀಸು. ಹಿಂದಕ್ಕೂ ಹೋಗಬಹುದು. ಕೆಲಸ ಮುಗಿದ ಮೇಲೆ ಲಾನ್ ಅಚ್ಚುಕಟ್ಟಾಗಿ ಕಾಣುವುದು ಇದರಲ್ಲೇ.

ತೊಂದರೆ ಚೀಲದ ಅಳತೆಯಲ್ಲಿದೆ. ಜಾನ್ ಡಿಯರ್‌ನ 100 ಸರಣಿಯ ಟ್ರಾಕ್ಟರ್‌ಗೆ ಬರುವ ಎರಡು ಚೀಲದ ಬ್ಯಾಗರ್ 6.5 ಬುಶೆಲ್ ಹಿಡಿಯುತ್ತದೆ. ಒಂದು ಬುಶೆಲ್ ಅಂದರೆ ಸುಮಾರು 35 ಲೀಟರ್, ಅಥವಾ ಒಂದೂಕಾಲು ಘನ ಅಡಿ. ಅಲ್ಲಿಗೆ 8 ಘನ ಅಡಿ ಆಯಿತು, ಎರಡು ಕಾಗದದ ಚೀಲದಷ್ಟು. ಮೇಪಲ್ ಮರಗಳು ಒಟ್ಟಿಗೆ ಎಲೆ ಉದುರಿಸಿದ ವಾರ ಇದು ನಾಲ್ಕಾರು ಸಾಲಿಗೇ ತುಂಬುತ್ತದೆ. ತುಂಬಿದಾಗಲೆಲ್ಲ ಇಳಿಯಬೇಕು, ಮುಚ್ಚಳ ಎತ್ತಬೇಕು, ಚೀಲ ಕಳಚಬೇಕು, ಹೊತ್ತುಕೊಂಡು ಹೋಗಿ ಸುರಿಯಬೇಕು. ಸೊಂಟ ನೋವು ಇರುವವರು ಅಂಗಡಿಯಲ್ಲಿ ಖಾಲಿ ಚೀಲ ಎತ್ತಿ ನೋಡಿ ಒಪ್ಪಬೇಡಿ. ಹಸಿ ಹುಲ್ಲು ತುಂಬಿದ ಚೀಲ ಒಣ ಎಲೆ ತುಂಬಿದ್ದಕ್ಕಿಂತ ಎರಡು ಮೂರು ಪಟ್ಟು ಭಾರ ಇರುತ್ತದೆ.

ಇನ್ನೊಂದು ತೊಂದರೆ ಕೊಳವೆ ಕಟ್ಟುವುದು. ಒದ್ದೆ ಎಲೆ ಕೊಳವೆಯ ಬಾಗಿನಲ್ಲಿ ಅಂಟಿಕೊಂಡು ನಿಲ್ಲುತ್ತದೆ. ಎಂಜಿನ್ ಸದ್ದು ಬದಲಾಗುತ್ತದೆ, ಡೆಕ್ ಕೆಳಗಿನಿಂದ ಎಲೆ ಮುದ್ದೆಮುದ್ದೆಯಾಗಿ ಬೀಳಲು ಶುರುವಾಗುತ್ತದೆ. ಆಗ ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಬ್ಲೇಡ್ ಪೂರ್ತಿ ನಿಂತ ಮೇಲೆ ಕೋಲಿನಿಂದ ಬಿಡಿಸಿ. ಕೈ ಹಾಕಬೇಡಿ. ಗಾಳಿಯನ್ನು ಜಾಸ್ತಿ ಎತ್ತುವ ಹೈ-ಲಿಫ್ಟ್ ಬ್ಲೇಡ್ ಹಾಕಿಸಿದರೆ ಈ ಕಾಟ ಕಡಿಮೆಯಾಗುತ್ತದೆ. ಟ್ರಾಕ್ಟರ್‌ನಲ್ಲಿ ಈಗ ಮಲ್ಚಿಂಗ್ ಬ್ಲೇಡ್ (ಹುಲ್ಲು, ಎಲೆಯನ್ನು ಪುಡಿ ಮಾಡಿ ಲಾನ್ ಮೇಲೇ ಬಿಡುವ ಬ್ಲೇಡ್) ಇದ್ದರೆ ಅದರಲ್ಲೇ ಬ್ಯಾಗರ್ ಓಡಿಸಬೇಡಿ, ಎಲೆ ಸರಿಯಾಗಿ ಮೇಲಕ್ಕೆ ಏರುವುದಿಲ್ಲ.

ಬ್ಯಾಗರ್ ಕೊಳ್ಳುವಾಗ ಡೆಕ್ ಅಳತೆ ಮತ್ತು ಮಾಡೆಲ್ ನಂಬರ್ ಎರಡೂ ಹೊಂದಬೇಕು. 42 ಇಂಚಿನದು ಸಾಮಾನ್ಯವಾಗಿ 48 ಇಂಚಿಗೆ ಕೂರುವುದಿಲ್ಲ. ಒಂದು ಕಂಪನಿಯದು ಇನ್ನೊಂದಕ್ಕೆ ಆಗುವುದು ಅಪರೂಪ. ನಾಳೆ ಟ್ರಾಕ್ಟರ್ ಬದಲಾಯಿಸಿದರೆ ಬ್ಯಾಗರ್ ಮೂಲೆ ಸೇರುತ್ತದೆ. ಝೀರೋ-ಟರ್ನ್ ಮೋವರ್ (ನಿಂತ ಜಾಗದಲ್ಲೇ ತಿರುಗುವ ಮೋವರ್) ಇದ್ದವರು ಇನ್ನೂ ಒಂದು ವಿಚಾರ ನೋಡಬೇಕು. ಹಿಂದೆ ಭಾರ ಕೂತರೆ ಮುಂದಿನ ಚಕ್ರ ಹಗುರಾಗುತ್ತದೆ. ಮುಂದೆ ಹಾಕುವ ತೂಕದ ಕಬ್ಬಿಣವನ್ನೂ ಬಿಲ್ಲಿಗೆ ಸೇರಿಸಿಕೊಳ್ಳಿ.

ದೊಡ್ಡ ಡೆಕ್‌ಗಳಿಗೆ ಬೆಲ್ಟಿನಿಂದ ತಿರುಗುವ ಬ್ಲೋವರ್ ಇರುವ ಬ್ಯಾಗರ್ ಸಿಗುತ್ತದೆ. ಅದು ಎಲೆಯನ್ನು ಬಲವಾಗಿ ತಳ್ಳುವುದರಿಂದ ಕಟ್ಟಿಕೊಳ್ಳುವುದು ಕಡಿಮೆ. ಬೆಲೆಯೂ ಅದಕ್ಕೆ ತಕ್ಕಂತೆ. ಸಾಮಾನ್ಯ ಬ್ಯಾಗರ್ ಸುಮಾರು 400ರಿಂದ 700 ಡಾಲರ್‌ಗೆ ಸಿಗುತ್ತದೆ.

ಸ್ವೀಪರ್

ನನ್ನ ಒಲವು ಈ ಕಡೆಗೆ, ಮೊದಲೇ ಹೇಳಿಬಿಡುತ್ತೇನೆ. ಇದು ಟ್ರಾಕ್ಟರ್ ಹಿಂದೆ ಎಳೆಯುವ ಎರಡು ಚಕ್ರದ ಗಾಡಿ. ಮುಂಭಾಗದಲ್ಲಿ ಉದ್ದನೆಯ ಬ್ರಷ್ ಉರುಳೆ, ಹಿಂದೆ ದೊಡ್ಡ ಬಟ್ಟೆಯ ತೊಟ್ಟಿ. ಗಾಡಿ ಮುಂದೆ ಹೋದಂತೆ ಚಕ್ರದೊಳಗಿನ ಗಿಯರ್ ಬ್ರಷ್ಷನ್ನು ತಿರುಗಿಸುತ್ತದೆ. ಚಕ್ರ ಒಂದು ಸುತ್ತು ಬಂದರೆ ಬ್ರಷ್ ನಾಲ್ಕೈದು ಸುತ್ತು ಬರುತ್ತದೆ. ಎಲೆಯನ್ನು ಗುಡಿಸಿ ತೊಟ್ಟಿಗೆ ಎಸೆಯುತ್ತದೆ. ಎಂಜಿನ್ ಇಲ್ಲ, ಬೆಲ್ಟ್ ಇಲ್ಲ, ಪೆಟ್ರೋಲ್ ಇಲ್ಲ. ಕೆಡುವುದಕ್ಕೆ ಜಾಸ್ತಿ ಏನೂ ಇಲ್ಲ.

ಟ್ರಾಕ್ಟರ್ ಹಿಂದಿನ ಹಿಚ್ ತಟ್ಟೆಯ ತೂತಿಗೆ ಒಂದು ಪಿನ್ ಹಾಕಿದರೆ ಜೋಡಣೆ ಮುಗಿಯಿತು. ಕಂಪನಿ ಯಾವುದಾದರೂ ಆಗುತ್ತದೆ. ಹೀಗಾಗಿ ಟ್ರಾಕ್ಟರ್ ಬದಲಾದರೂ ಸ್ವೀಪರ್ ಉಳಿಯುತ್ತದೆ. ಬ್ಯಾಟರಿಯ ಟ್ರಾಕ್ಟರ್ ಇದ್ದವರಿಗೂ ಇದು ಚೆನ್ನ. ಬ್ಯಾಗರ್ ಹಾಕಿದರೆ ಬ್ಲೇಡ್ ತಿರುಗಿಸುತ್ತಲೇ ಇರಬೇಕು, ಚಾರ್ಜ್ ಬೇಗ ಇಳಿಯುತ್ತದೆ. ಸ್ವೀಪರ್ ಎಳೆಯುವಾಗ ಬ್ಲೇಡ್ ನಿಲ್ಲಿಸಿಯೇ ಓಡಿಸಬಹುದು.

ಅಳತೆ ನೋಡಿ. ಬ್ರಿನ್ಲಿಯ 42 ಇಂಚಿನದು 20 ಘನ ಅಡಿ ಹಿಡಿಯುತ್ತದೆ. ಅಗ್ರಿ-ಫ್ಯಾಬ್‌ನ 44 ಇಂಚಿನದು 25 ಘನ ಅಡಿ. ಓಹಾಯೋ ಸ್ಟೀಲ್‌ನ 50 ಇಂಚಿನದು 26. ಪೆಟ್ಟಿಗೆ ಮೇಲಿನ ಅಂಕಿ ನೋಡಿದರೆ 25 ಘನ ಅಡಿ ಅಂದರೆ ಸುಮಾರು 20 ಬುಶೆಲ್, ಬ್ಯಾಗರ್‌ನ ಮೂರು ಪಟ್ಟು. ಆದರೆ ಹೋಲಿಕೆ ಅಷ್ಟು ನೇರ ಅಲ್ಲ. ಬ್ಯಾಗರ್‌ನಲ್ಲಿ ಪುಡಿ ಎಲೆ ಒತ್ತಾಗಿ ಕೂತಿರುತ್ತದೆ, ಸ್ವೀಪರ್‌ನಲ್ಲಿ ಇಡೀ ಎಲೆ ಗಾಳಿ ತುಂಬಿಕೊಂಡು ಕೂತಿರುತ್ತದೆ. ಹಾಗಾಗಿ ಸ್ವೀಪರ್ ಸಹ ನೀವು ಅಂದುಕೊಂಡದ್ದಕ್ಕಿಂತ ಬೇಗ ತುಂಬುತ್ತದೆ. ವ್ಯತ್ಯಾಸ ಇರುವುದು ಖಾಲಿ ಮಾಡುವುದರಲ್ಲಿ. ಸೀಟಿನಲ್ಲಿ ಕೂತೇ ಹಗ್ಗ ಎಳೆದರೆ ತೊಟ್ಟಿ ಮಗುಚುತ್ತದೆ. ಇಳಿಯುವುದು ಹತ್ತುವುದು ತಪ್ಪಿತು. ನಲವತ್ತು ದಾಟಿದ ಮೇಲೆ ಇದರ ಬೆಲೆ ಗೊತ್ತಾಗುತ್ತದೆ.

ಬ್ರಷ್ ಎತ್ತರ ಸರಿಯಾಗಿ ಇಟ್ಟುಕೊಳ್ಳುವುದೇ ಸ್ವೀಪರ್‌ನ ಮುಖ್ಯ ಕೌಶಲ. ಬ್ರಷ್ ತುದಿ ಹುಲ್ಲಿನೊಳಗೆ ಅರ್ಧ ಇಂಚು ಇಳಿದರೆ ಸಾಕು. ಜಾಸ್ತಿ ಇಳಿಸಿದರೆ ಚಕ್ರ ತಿರುಗದೆ ಜಾರುತ್ತದೆ, ಬ್ರಷ್ ಬೇಗ ಸವೆಯುತ್ತದೆ. ಮೇಲೆ ಇಟ್ಟರೆ ಎಲೆ ಹಾಗೇ ಉಳಿಯುತ್ತದೆ. "ಈ ಸ್ವೀಪರ್ ಕೆಲಸಕ್ಕೆ ಬರಲ್ಲ" ಅನ್ನುವವರ ಗಾಡಿಯನ್ನು ನೋಡಿದರೆ ಹೆಚ್ಚಿನ ಸಲ ಈ ಎತ್ತರವೇ ತಪ್ಪಿರುತ್ತದೆ. ಮೊದಲು ಹುಲ್ಲನ್ನು ಒಂದೇ ಮಟ್ಟಕ್ಕೆ ಕತ್ತರಿಸಿಟ್ಟುಕೊಳ್ಳಿ. ಬೆಳಗಿನ ಇಬ್ಬನಿ ಆರಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಹೊರಡಿ. ಜೋರಾದ ನಡಿಗೆಯ ವೇಗ ಸಾಕು.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಎಲೆಯನ್ನು ಮೊದಲು ಮೋವರ್‌ನಿಂದ ಪುಡಿ ಮಾಡಿ ಆಮೇಲೆ ಸ್ವೀಪರ್ ಎಳೆದರೆ ಸುಲಭ ಅನ್ನಿಸುತ್ತದೆ. ಆಗುವುದು ಉಲ್ಟಾ. ಸಣ್ಣ ಚೂರು ಹುಲ್ಲಿನ ಬುಡಕ್ಕೆ ಇಳಿದುಬಿಡುತ್ತದೆ, ಬ್ರಷ್ಷಿಗೆ ಸಿಗುವುದಿಲ್ಲ. ಸ್ವೀಪರ್‌ಗೆ ಇಡೀ ಎಲೆಯೇ ಇಷ್ಟ. ಒಣ ಓಕ್ ಎಲೆ, ಮೇಪಲ್ ಎಲೆ, ಪೈನ್ ಸೂಜಿ ಚೆನ್ನಾಗಿ ಎತ್ತುತ್ತದೆ. ಓಕ್ ಕಾಯಿ, ಸ್ವೀಟ್‌ಗಮ್‌ನ ಮುಳ್ಳುಕಾಯಿಗಳನ್ನೂ ಒಂದಷ್ಟು ಎತ್ತುತ್ತದೆ. ಕಡ್ಡಿಗಳನ್ನು ಮಾತ್ರ ಮೊದಲೇ ಆರಿಸಿ ತೆಗೆಯಿರಿ, ಬ್ರಷ್ ಮಧ್ಯೆ ಸಿಕ್ಕಿಕೊಂಡರೆ ನಿಂತೇಹೋಗುತ್ತದೆ. ಮಳೆಯಲ್ಲಿ ನೆನೆದು ನೆಲಕ್ಕೆ ಅಂಟಿದ ಎಲೆಯ ಮುಂದೆ ಸ್ವೀಪರ್ ಸೋಲುತ್ತದೆ. ಅದಕ್ಕೆ ಮದ್ದಿಲ್ಲ, ಒಣಗುವವರೆಗೆ ಕಾಯಬೇಕು.

ಗೇಟಿನ ಅಗಲ ಅಳೆಯದೆ ಸ್ವೀಪರ್ ತರಬೇಡಿ. 44 ಇಂಚು ಅನ್ನುವುದು ಬ್ರಷ್ಷಿನ ಅಗಲ. ಚಕ್ರ ಸೇರಿದರೆ ಗಾಡಿ ಅದಕ್ಕಿಂತ ಅಗಲ. ಹಿತ್ತಲಿನ ಬೇಲಿಯ 48 ಇಂಚಿನ ಗೇಟಿನಲ್ಲಿ ಹೋಗುವುದು ಕಷ್ಟ. ಹಿಂದಕ್ಕೆ ಹೋಗುವಾಗ ಗಾಡಿ ಅಡ್ಡ ತಿರುಗಿ ಟ್ರಾಕ್ಟರ್ ಕಡೆಗೇ ಮಡಚಿಕೊಳ್ಳುತ್ತದೆ, ಹಾಗಾಗಿ ಸುತ್ತಿಕೊಂಡು ಬರುವಷ್ಟು ಜಾಗ ಬೇಕು. ಚಳಿಗಾಲದಲ್ಲಿ ತೊಟ್ಟಿ ಮಡಚಿ ಗ್ಯಾರೇಜಿನ ಗೋಡೆಗೆ ನಿಲ್ಲಿಸಬಹುದು. ಬೆಲೆ ಸುಮಾರು 250ರಿಂದ 500 ಡಾಲರ್. ಬಿಡಿಬಿಡಿಯಾಗಿ ಡಬ್ಬದಲ್ಲಿ ಬರುತ್ತದೆ. ನಟ್ಟು ಬೋಲ್ಟು ಜೋಡಿಸಲು ಒಂದು ಶನಿವಾರದ ಬೆಳಗ್ಗೆ ಬಿಟ್ಟುಕೊಡಿ.

ಕಾಗದದ ಚೀಲದ ಊರಿನವರಿಗೆ ಸ್ವೀಪರ್ ಎರಡು ಸಲ ಕೆಲಸ ಮಾಡಿಸುತ್ತದೆ. ಸುರಿದ ಗುಡ್ಡೆಯನ್ನು ಮತ್ತೆ ಕೈಯಲ್ಲಿ ತುಂಬಬೇಕು. ಟಾರ್ಪಾಲಿನ್ ಹಾಸಿ ಅದರ ಮೇಲೆ ಸುರಿದರೆ ಸ್ವಲ್ಪ ವಾಸಿ. ಆದರೂ ಅಂಥವರಿಗೆ ನಾನು ಬ್ಯಾಗರನ್ನೇ ಹೇಳುತ್ತೇನೆ.

ವ್ಯಾಕ್ಯೂಮ್

ಇದಕ್ಕೆ ತನ್ನದೇ ಎಂಜಿನ್ ಇದೆ. ಆ ಎಂಜಿನ್ ಫ್ಯಾನಿನ ಹಾಗೆ ಅಲಗುಗಳಿರುವ ಒಂದು ಉಕ್ಕಿನ ಚಕ್ರವನ್ನು ತಿರುಗಿಸುತ್ತದೆ. ಡೆಕ್‌ನಿಂದ ಬರುವ ಎಲೆಯನ್ನು ದಪ್ಪ ಹೋಸ್ ಮೂಲಕ ಎಳೆದು, ಚೂರು ಮಾಡಿ, ಹಿಂದಿನ ಗಾಡಿಗೆ ತುಂಬುತ್ತದೆ. ಕನೆಕ್ಟಿಕಟ್‌ನ ಸೈಕ್ಲೋನ್ ರೇಕ್, ವರ್ಮಾಂಟ್‌ನಲ್ಲಿ ಶುರುವಾದ ಡಿಆರ್ ಕಂಪನಿಯ ವ್ಯಾಕ್ಯೂಮ್ ಈ ಜಾತಿಯವು. ಎರಡೂ ಈಶಾನ್ಯ ಅಮೆರಿಕದ ಕಾಡು ಮರಗಳ ನಡುವೆ ಹುಟ್ಟಿದ ಯಂತ್ರಗಳು ಅನ್ನುವುದು ಗಮನಿಸಬೇಕಾದ ವಿಷಯ.

ಒದ್ದೆ ಎಲೆ, ದಪ್ಪ ಪದರ, ಓಕ್ ಕಾಯಿ ಇವೆಲ್ಲವನ್ನೂ ಮೂರರಲ್ಲಿ ಚೆನ್ನಾಗಿ ನಿಭಾಯಿಸುವುದು ಇದೇ. ಎಲೆಯ ಗಾತ್ರ ಅರ್ಧಕ್ಕಿಂತ ತುಂಬಾ ಕೆಳಗೆ ಇಳಿಯುತ್ತದೆ. ಕೈಯಲ್ಲಿ ಹಿಡಿಯುವ ಹೋಸ್ ಜೋಡಿಸಿ ಪೊದೆಗಳ ಬುಡ, ಚರಂಡಿ, ಬೇಲಿ ಮೂಲೆಯಿಂದಲೂ ಎಳೆಯಬಹುದು. ಆದರೆ ಬೆಲೆ 2,000 ಡಾಲರ್‌ನಿಂದ ಶುರುವಾಗಿ 4,000 ದಾಟುತ್ತದೆ. ಎರಡನೇ ಎಂಜಿನ್‌ಗೆ ಎಣ್ಣೆ ಬದಲಾಯಿಸಬೇಕು, ಏರ್ ಫಿಲ್ಟರ್ ನೋಡಬೇಕು. ವರ್ಷದಲ್ಲಿ ಆರು ವಾರ ಓಡಿಸಿ ಹತ್ತೂವರೆ ತಿಂಗಳು ಸುಮ್ಮನೆ ಇಡುವ ಎಂಜಿನ್ ಇದು. ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟರೆ ಕಾರ್ಬ್ಯುರೇಟರ್ ಕೆಡುತ್ತದೆ. ಖಾಲಿ ಮಾಡಿ, ಇಲ್ಲವೇ ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಹಾಕಿ ಇಡಿ. ಸದ್ದು ಜೋರು, ಧೂಳೂ ಜೋರು. ಕಿವಿಗೆ ಮಫ್, ಮೂಗಿಗೆ ಮಾಸ್ಕ್ ಇಲ್ಲದೆ ಕೂರಬೇಡಿ.

ಒಂದು ಎಕರೆಗಿಂತ ಜಾಸ್ತಿ ಜಾಗ, ಅದರ ತುಂಬಾ ದೊಡ್ಡ ಮರ ಇದ್ದರೆ ಇದು ತಕ್ಕ ಖರ್ಚು. ಉಳಿದವರು ಇಬ್ಬರು ಮೂವರು ನೆರೆಯವರ ಜೊತೆ ಸೇರಿ ಕೊಳ್ಳುವುದಾದರೆ ನೋಡಬಹುದು. ಹಾಗೆ ಕೊಂಡರೆ ಯಾರ ಗ್ಯಾರೇಜಿನಲ್ಲಿ ಇಡುವುದು, ರಿಪೇರಿ ಯಾರದ್ದು ಅಂತ ಮೊದಲೇ ಮಾತಾಡಿಕೊಳ್ಳಿ. ಡೆಕ್‌ಗೆ ಹೊಂದುವ ಅಡಾಪ್ಟರ್ ಯಾರ್ಯಾರ ಟ್ರಾಕ್ಟರ್‌ಗೆ ಸಿಗುತ್ತದೆ ಅಂತಲೂ ನೋಡಬೇಕು.

ಎತ್ತದೇ ಬಿಡುವ ದಾರಿ

ಎಲೆಯ ಪದರ ತೆಳುವಾಗಿದ್ದರೆ ಮಲ್ಚಿಂಗ್ ಬ್ಲೇಡ್ ಮತ್ತು ಡೆಕ್ ಬದಿ ಮುಚ್ಚುವ ಪ್ಲಗ್ ಸಾಕು, 50ರಿಂದ 150 ಡಾಲರ್‌ನಲ್ಲಿ ಮುಗಿಯುತ್ತದೆ. ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯವರು ಮೇಪಲ್, ಓಕ್ ಎಲೆಯನ್ನು ಲಾನ್‌ನಲ್ಲೇ ಪುಡಿ ಮಾಡಿ ಬಿಟ್ಟು ವರ್ಷಗಟ್ಟಲೆ ನೋಡಿದ್ದಾರೆ. ಹುಲ್ಲಿಗೆ ಹಾನಿ ಆಗಲಿಲ್ಲ, ಡ್ಯಾಂಡಲೈನ್ ಕಳೆ ಕಡಿಮೆಯಾಯಿತು. ಪುಡಿ ಮಾಡಿದ ಮೇಲೆ ನೋಡಿದರೆ ಅರ್ಧದಷ್ಟಾದರೂ ಹುಲ್ಲು ಕಾಣಬೇಕು. ಕಾಣದಿದ್ದರೆ ಇನ್ನೊಂದು ಸಲ ಓಡಿಸಿ, ಇಲ್ಲವೇ ಹೆಚ್ಚಾದದ್ದನ್ನು ಎತ್ತಿ.

ಹೀಗೆ ವಾರವಾರ ಪುಡಿ ಮಾಡುತ್ತಾ, ಜಾಸ್ತಿ ಉದುರಿದ ಎರಡು ಮೂರು ವಾರ ಮಾತ್ರ ಸ್ವೀಪರ್ ಎಳೆಯುವುದು ಅರ್ಧ ಎಕರೆಯಿಂದ ಒಂದು ಎಕರೆಯವರಿಗೆ ನಾನು ಹೇಳುವ ಜೋಡಿ. ಎರಡೂ ಸೇರಿದರೂ ಒಂದು ಬ್ಯಾಗರ್‌ನ ಬೆಲೆ. "ಈ ಭಾನುವಾರ ಪೂರ್ತಿ ಮುಗಿಸಿಬಿಡೋಣ" ಅನ್ನುವ ಲೆಕ್ಕವನ್ನು ಬಿಡಿ. ಮೇಪಲ್ ಅಕ್ಟೋಬರ್‌ನಲ್ಲಿ ಉದುರಿದರೆ ಓಕ್ ನವೆಂಬರ್ ಪೂರ್ತಿ ಉದುರುತ್ತದೆ. ಪಿನ್ ಓಕ್ ಅಂತೂ ಕಂದು ಎಲೆಯನ್ನು ಹಿಮ ಬೀಳುವವರೆಗೂ ಬಿಡದೆ ಹಿಡಿದಿರುತ್ತದೆ.

ತರಕಾರಿ ಪಾತಿ ಇರುವವರಿಗೆ ಎಲೆ ಕಸವಲ್ಲ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಅಲ್ಲಿ ಕಾಡಿನ ತರಗೆಲೆ ಗುಡಿಸಿ ತಂದು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುತ್ತಾರೆ. ಕಾಂಪೋಸ್ಟ್‌ಗೆ ಎರಡು ಮೂರು ಪಾಲು ಒಣ ಎಲೆಗೆ ಒಂದು ಪಾಲು ಹಸಿ ಹುಲ್ಲು ಹಾಕಿ. ಹುಲ್ಲನ್ನೇ ಗುಡ್ಡೆ ಹಾಕಿದರೆ ಲೋಳೆಯಾಗಿ ನಾರುತ್ತದೆ. ಲಾನ್‌ಗೆ ಕಳೆನಾಶಕ ಹೊಡೆಸಿದ್ದರೆ ಆ ಹುಲ್ಲನ್ನು ಮಾತ್ರ ಬದನೆ, ಟೊಮೆಟೊ, ಹೀರೆ ಬುಡಕ್ಕೆ ತರಬೇಡಿ. ಕೆಲವು ಕಳೆನಾಶಕಗಳು ಕಾಂಪೋಸ್ಟ್ ಆದ ಮೇಲೂ ಉಳಿದು ಗಿಡ ಸುರುಟಿಸುತ್ತವೆ.

ಕೊಳ್ಳುವ ಮುಂಚೆ

ಅಂಗಳ ಇಳಿಜಾರಿದ್ದರೆ ಟ್ರಾಕ್ಟರ್‌ನ ಕೈಪಿಡಿ ತೆಗೆದು ನೋಡಿ. ಸಾಮಾನ್ಯವಾಗಿ 15 ಡಿಗ್ರಿಗಿಂತ ಹೆಚ್ಚಿನ ಇಳಿಜಾರಿನಲ್ಲಿ ಓಡಿಸಬೇಡಿ ಅಂತ ಇರುತ್ತದೆ. ಹಿಂದೆ ಭಾರ ಎಳೆಯುವಾಗ ಆ ಮಿತಿ ಇನ್ನೂ ಕಡಿಮೆ. ತುಂಬಿದ ಗಾಡಿ ಇಳಿಜಾರಿನಲ್ಲಿ ಟ್ರಾಕ್ಟರನ್ನೇ ಹಿಂದಿನಿಂದ ತಳ್ಳುತ್ತದೆ. ಎಷ್ಟು ತೂಕ ಎಳೆಯಬಹುದು ಅನ್ನುವುದೂ ಅದೇ ಕೈಪಿಡಿಯಲ್ಲಿದೆ.

ಯಾವ ಸಾಧನ ಹಾಕಿದರೂ ಸೈಲೆನ್ಸರ್ ಸುತ್ತ ಕೂತ ಒಣ ಎಲೆಯನ್ನು ಆಗಾಗ ತೆಗೆಯುತ್ತಿರಿ, ಬೆಂಕಿ ಹತ್ತಿಕೊಳ್ಳುತ್ತದೆ. ನ್ಯೂಜೆರ್ಸಿ, ಕನೆಕ್ಟಿಕಟ್ ಕಡೆಯವರು ಎಲೆ ಗುಡ್ಡೆ ಮುಟ್ಟಿದ ದಿನ ಮೈಮೇಲೆ ಉಣ್ಣೆ ಹುಳ (ಟಿಕ್) ಹತ್ತಿದೆಯಾ ಅಂತ ನೋಡಿಕೊಳ್ಳಿ. ಲೈಮ್ ಕಾಯಿಲೆ ಹರಡುವ ಉಣ್ಣೆಗೆ ತರಗೆಲೆಯೇ ಮನೆ. ಮಕ್ಕಳು ಗುಡ್ಡೆಯಲ್ಲಿ ಹಾರಿ ಆಡಿದ್ದರೆ ಅವರನ್ನೂ ನೋಡಿ.

ಸ್ವೀಪರ್ ಹಳೆಯದು ಸಿಕ್ಕಿದರೆ ಧೈರ್ಯವಾಗಿ ಕೊಳ್ಳಬಹುದು. ಮನೆ ಮಾರುವವರು ಅರ್ಧ ಬೆಲೆಗೆ ಕೊಟ್ಟುಹೋಗುತ್ತಾರೆ. ಚಕ್ರವನ್ನು ಕೈಯಲ್ಲಿ ಮುಂದಕ್ಕೆ ತಿರುಗಿಸಿ, ಬ್ರಷ್ ತಿರುಗಬೇಕು. ಹಿಂದಕ್ಕೆ ತಿರುಗಿಸಿದರೆ ಟಕಟಕ ಅಂದು ಬ್ರಷ್ ನಿಂತಿರಬೇಕು. ಎರಡೂ ಚಕ್ರ ನೋಡಿ. ಬ್ರಷ್ ಕೂದಲು ಒಂದು ಕಡೆ ಬಾಗಿದ್ದರೆ ಪರವಾಗಿಲ್ಲ, ತುಂಡಾಗಿದ್ದರೆ ಬ್ರಷ್ ಸಿಗುತ್ತದೆ, ತೊಟ್ಟಿಯ ಬಟ್ಟೆ ಹರಿದಿದ್ದರೂ ಹೊಲಿಸಬಹುದು. ಗಿಯರ್ ಹಲ್ಲು ಸವೆದಿದ್ದರೆ ಮಾತ್ರ ಬಿಟ್ಟು ಬನ್ನಿ. ಹಳೇ ಬ್ಯಾಗರ್ ಆದರೆ ಮಾಡೆಲ್ ನಂಬರ್ ಹೊಂದುತ್ತದೆ ಅಂತ ಖಚಿತವಾಗುವವರೆಗೆ ಮುಂಗಡ ಕೊಡಬೇಡಿ. ವ್ಯಾಕ್ಯೂಮ್ ಆದರೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ನಿಮ್ಮ ಕೈಯಾರೆ ಹಗ್ಗ ಎಳೆದು ಸ್ಟಾರ್ಟ್ ಮಾಡಿ ನೋಡಿ. ಹೊಸದೇ ಬೇಕು ಅನ್ನುವವರು ಥ್ಯಾಂಕ್ಸ್‌ಗಿವಿಂಗ್ ಕಳೆದ ಮೇಲೆ ಅಂಗಡಿಗೆ ಹೋಗಿ ಕೇಳಿ. ಹಿಮ ತೆಗೆಯುವ ಯಂತ್ರಗಳಿಗೆ ಜಾಗ ಬೇಕಾಗಿ ಉಳಿದದ್ದನ್ನು ಇಳಿಸಿದ ಬೆಲೆಗೆ ಬಿಡುವುದುಂಟು.